ಕಾಲುವೆಯಡಿಯ ಗಂಟು

ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಬುಕ್ಕಾಂಬುಧಿಯ ಹಾಲಿನ ಸಂಘಕ್ಕೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಹತ್ತರೊಳಗೆ ಹಾಲಿನ ಪಟ್ಟಿಯನ್ನು ಫೋನ್ ತಂತಿಯ ಮೇಲೆ ಬೀರೂರಿಗೆ ಕಳಿಸುವುದು ಮಾಲಿನಿಯ ಕೆಲಸ. ಮೋಡೆಮ್ ಎಂಬ ಪುಟ್ಟ ಪೆಟ್ಟಿಗೆ ಕೀರಲು ದನಿಯಲ್ಲಿ ಕೂಗಿ ಬೀರೂರನ್ನು ಹಿಡಿಯುತ್ತಿತ್ತು. ಕೆಲವು ದಿನ ಅರ್ಧಕ್ಕೇ ಕೈಬಿಡುತ್ತಿತ್ತು. ಈ ಶನಿವಾರವೂ ಪಟ್ಟಿ ಹೋಗದಿದ್ದರೆ ಕಂಪ್ಯೂಟರನ್ನು ಅಜ್ಜಂಪುರಕ್ಕೆ ಸಾಗಿಸುತ್ತೇವೆಂದು ಮೇಲಿನಿಂದ ಕಾಗದ ಬಂದಿತ್ತು. ಅದರ ಹಿಂದೆಯೇ ಮಾಲಿನಿಯ ಕೆಲಸವೂ ಹೋಗುವುದಿತ್ತು.

ಗುರುವಾರ ಹಾಲು ಹಾಕಲು ಬಂದ ಅಂಜಿನಪ್ಪ ಅಲ್ಲೇ ನಿಂತರು. ಎರಡನೇ ಕ್ಲಾಸಿಗೆ ಓದು ಬಿಟ್ಟು, ಮೂವತ್ತು ವರ್ಷ ಟೆಲಿಫೋನ್ ಕಂಬ ಹತ್ತಿ, ಗುಂಡಿ ತೋಡಿ ನಿವೃತ್ತರಾದವರು. ಒಳಗೆ ಲೈನ್‌ಮನ್ ಲಕ್ಕಣ್ಣ ಫೋನನ್ನು ಕಿವಿಗಿಟ್ಟುಕೊಂಡಿದ್ದ.

"ಹಲೋ ಅಂದ್ರೆ ಕೇಳ್ತೈತೆ ಕಣಮ್ಮ. ಲೈನು ಸರಿಯಾಗೈತೆ, ನಿನ್ ಪೆಟ್ಗೆಗೇ ದೆವ್ವ ಬಡ್ದೈತೆ."

"ಪೆಟ್ಗೆ ಎರಡು ಸಲ ಬದಲಾಯ್ತು ಲಕ್ಕಣ್ಣ. ಎರಡಕ್ಕೂ ಒಂದೇ ದೆವ್ವನಾ?" ಎಂದಳು ಮಾಲಿನಿ.

ಸಂಪರ್ಕ ಕಡಿದ ದಿನಗಳಿಗೆ ಅವಳು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗೀಟು ಎಳೆದಿದ್ದಳು. ಅಂಜಿನಪ್ಪ ಬೆರಳಿಟ್ಟು ನೋಡಿದರು. ಮಂಗಳವಾರದ ಸಾಲು, ಶನಿವಾರದ ಸಾಲು. ಬೇರೆಲ್ಲೂ ಇಲ್ಲ.

"ನೀನು ಯಾವತ್ತು ಬಂದು ನೋಡೋದು?" ಎಂದು ಲಕ್ಕಣ್ಣನನ್ನು ಕೇಳಿದರು.

"ಕಂಪ್ಲೇಂಟ್ ಬಂದು ಒಂದೆರಡು ದಿನ ಬಿಟ್ಟು."

"ಅದ್ಕೇ ನಿಂಗೆ ಎಲ್ಲಾ ಸರಿಯಾಗಿ ಕಾಣ್ತೈತೆ."

ಅಲ್ಲಿಂದ ಸೀದಾ ಕೆರೆ ಏರಿಗೆ ನಡೆದರು. ಕೆರೆಯ ನೀರು ಬಿಡುವ ನೀರುಗಂಟಿ ತಮ್ಮಯ್ಯ ತೂಬಿನ ಬಳಿ ಬೀಡಿ ಸೇದುತ್ತಿದ್ದ.

"ಲೇ ತಮ್ಮಯ್ಯ, ಪಡುವಲ ಕಾಲುವೆಗೆ ಯಾವತ್ತು ನೀರು ಬಿಡ್ತೀಯ?"

"ಮಂಗಳವಾರ, ಶನಿವಾರ. ಯಾಕಣ್ಣ, ನಿನ್ ತೋಟ ಆ ಕಡೆ ಇಲ್ವಲ್ಲ?"

"ತೋಟ ಇಲ್ಲ. ಒಂದು ಗಂಟು ಐತೆ."

ಹದಿಮೂರು ವರ್ಷದ ಹಿಂದೆ ಮೋರಿಯ ಪಕ್ಕ, ಕಾಲುವೆಯಡಿಯಲ್ಲಿ ಸಂಘದ ಕಡೆ ಬರುವ ಫೋನ್ ಕೇಬಲ್ ಹೂತವರು ಅಂಜಿನಪ್ಪನವರೇ. ಕೇಬಲ್ ಸಾಲದೆ ಒಂದು ತುಂಡು ಸೇರಿಸಿದ್ದರು. ಗಂಟಿಗೆ ತುಂಬುವ ಮೇಣ ಮುಗಿದಿತ್ತು. ಬರೀ ಟೇಪು ಸುತ್ತಿ, ನಾಳೆ ಬಂದು ಸರಿಮಾಡಿದರಾಯಿತೆಂದು ಮಣ್ಣು ಎಳೆದಿದ್ದರು. ಮಾರನೇ ದಿನ ತರೀಕೆರೆ ಕಡೆ ಕಂಬ ಬಿದ್ದವೆಂದು ಕರೆ ಬಂತು. ಗಂಟು ಹಾಗೇ ಉಳಿಯಿತು. ನೀರು ಹರಿದು ಗಂಟು ನೆನೆದಾಗ ಲೈನಿನಲ್ಲಿ ಏಳುವ ಕರಕರವನ್ನು ಮಾತಾಡುವವರ ಕಿವಿ ಸಹಿಸಿಕೊಂಡಿತ್ತು. ಮೋಡೆಮ್ಮಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಶುಕ್ರವಾರ ಕಾಲುವೆ ಒಣಗಿತ್ತು. ಅಗೆಯಲು ಲಕ್ಕಣ್ಣನೂ ಜೊತೆಗೆ ಬಂದಿದ್ದ. ಅಂಜಿನಪ್ಪ ಮೋರಿಯ ಕಲ್ಲಿಗೆ ಹಿಮ್ಮಡಿ ಒತ್ತಿ, ಏಳು ಹೆಜ್ಜೆ ಎಣಿಸಿ ಹಾರೆ ಊರಿದರು. ಸೊಂಟದಾಳ ತೋಡಿದರೂ ಕೇಬಲ್ ಸಿಕ್ಕಿತೇ ಹೊರತು ಗಂಟು ಸಿಗಲಿಲ್ಲ.

"ನೆನಪಿಗೂ ವಯಸ್ಸಾಯ್ತು ಅಣ್ಣ," ಎಂದ ಲಕ್ಕಣ್ಣ ಬೆವರು ಒರೆಸಿಕೊಳ್ಳುತ್ತ.

ಅಂಜಿನಪ್ಪ ಗುಂಡಿಯಲ್ಲೇ ನಿಂತು ತಮ್ಮ ಕಾಲುಗಳನ್ನು ನೋಡಿಕೊಂಡರು. "ನೆನಪಿಗಲ್ಲ, ಹೆಜ್ಜೆಗೆ. ಆಗ ದೊಡ್ಡ ಹೆಜ್ಜೆ ಹಾಕ್ತಿದ್ದೆ. ಇನ್ನೆರಡು ಮೊಳ ಮುಂದಕ್ಕೆ ಅಗಿ."

ಮಧ್ಯಾಹ್ನದ ಹೊತ್ತಿಗೆ ಕರೀ ಟೇಪಿನ ಉಂಡೆಯೊಂದು ಮೇಲೆ ಬಂತು. ಬಿಚ್ಚಿದರೆ ತಾಮ್ರವೆಲ್ಲ ಹಸಿರು ಕಿಲುಬು.

"ಯಾವ ಪುಣ್ಯಾತ್ಮ ಕಟ್ಟಿದ್ನೋ."

"ನಾನೇ ಕಣೋ. ಕತ್ತರಿ ಕೊಡು."

ಕಿಲುಬು ಹಿಡಿದಷ್ಟನ್ನೂ ಕತ್ತರಿಸಿ, ತಾಮ್ರ ಫಳಫಳ ಹೊಳೆಯುವ ತನಕ ಕೆರೆದು, ಒಂದೊಂದೇ ಎಳೆ ಕೂಡಿಸಿ ಹೊಸ ಗಂಟು ಹಾಕಿದರು. ಮೇಣ ತುಂಬಿದರು. ಲಕ್ಕಣ್ಣ ಸಾಕೆಂದ ಮೇಲೂ ತುಂಬಿದರು.

ಶನಿವಾರ ತಮ್ಮಯ್ಯ ಎಂದಿನಂತೆ ತೂಬು ಎತ್ತಿದ. ಕಾಲುವೆಯಲ್ಲಿ ಮೊಣಕಾಲುದ್ದ ನೀರು. ಒಂಬತ್ತೂವರೆಗೆ ಮೋಡೆಮ್ ಕಿರುಚಿತು, ಸುಮ್ಮನಾಯಿತು. ಮಾಲಿನಿ ಪರದೆಯ ಮೇಲೆ ಕಣ್ಣಿಟ್ಟಿದ್ದಳು. ಅಂಜಿನಪ್ಪ ಅವಳ ಮುಖದ ಮೇಲೆ.

"ಮುಟ್ತು ಅಜ್ಜ. ಕೊನೇ ಹೆಸರಿನ ತನಕ."

ಅವಳು ಕೆಂಪು ಪೆನ್ನನ್ನು ಡ್ರಾಯರಿಗೆ ಹಾಕಲು ಹೋದಳು.

"ಇರ್ಲಿ, ಈಗ್ಲೇ ಎತ್ತಿಡಬ್ಯಾಡ," ಎಂದು ಅಂಜಿನಪ್ಪ ಹಾಲಿನ ಪಾತ್ರೆ ಎತ್ತಿಕೊಂಡರು. "ಮಂಗಳವಾರ ಇನ್ನೊಂದ್ಸಲ ನೀರು ಹರೀಲಿ. ನಾನು ಬತ್ತೀನಿ."