ಪ್ರವೀಣಕುಮಾರನ ಬಲಗಡೆ ಭುಜ

ಮುಂಜಾನಿಂದ ಪ್ರವೀಣಕುಮಾರಗ ಕುಂತಲ್ಲಿ ಕುಂದ್ರಾಕ ಆಗವಲ್ದು. ಕಟ್ಟಿ ಮ್ಯಾಲ ಕುಂತ, ಎದ್ದ. ಒಳಗ ಹೋಗಿ ನೀರು ಕುಡದ, ಹೊರಗ ಬಂದ. ಓಣಿ ತುದಿತನಕ ನಡದು ಹೊಳ್ಳಿ ಬಂದ. ಅವನ ತಾಯಿ ನೀಲಗಂಗವ್ವ ರೊಟ್ಟಿ ಬಡಿಯೋದು ನಿಲ್ಲಿಸಿ, "ಏನೋ ಯಪ್ಪಾ, ಕಾಲಿಗೆ ಗಾಲಿ ಕಟಗೊಂಡಿಯೇನು? ನಿನ್ನ ನೋಡಿ ನೋಡಿ ನನಗ ತಲಿ ತಿರಗಾಕತ್ತೇತಿ," ಅಂದ್ಳು. ಅವ ನಗಲಿಲ್ಲ. ಗಡಿಯಾರ ನೋಡಿದ. ಇನ್ನೂ ಹತ್ತೂವರಿ ಆಗಿತ್ತು.

ಸಂಜಿ ಐದಕ್ಕ ಅವನ ಹಣೇಬಾರ ತೀರ್ಮಾನ ಆಗೋದಿತ್ತು.

ಪ್ರವೀಣಕುಮಾರ ಹುಟ್ಟಿ ಬೆಳೆದದ್ದು ಕದರಮಂಡಲಗ್ಯಾಗ, ಹೊಟ್ಟಿಪಾಡು ಕೋಲ್ಕತ್ತಾದಾಗ. ಪಗಾರ ತಗೊಂಡು ರಗ್ಬಿ ಆಡತಿದ್ದ. ಊರಾಗ ಇದನ್ನ ತಿಳಿಸಿ ಹೇಳೋದರಾಗ ಹನ್ನೆರಡು ವರ್ಷ ಹೋದವು. "ಸುಲೀಲಾರದ ತೆಂಗಿನಕಾಯಿ ಇದ್ದಂಗ ಒಂದು ಚೆಂಡು. ಅದನ್ನ ಬಗಲಾಗ ಅವಚಿಕೊಂಡು ಓಡಬೇಕು. ಕೈಲೆ ಮುಂದ ಒಗಿಯಂಗಿಲ್ಲ, ಹಿಂದ ಬರೋರಿಗೆ ಒಗೀಬೇಕು. ಎದುರಿನವರು ಮೈಮ್ಯಾಲ ಬಿದ್ದು ಕೆಡವತಾರ." ಇಷ್ಟು ಹೇಳಿ ಮುಗಸೋದರಾಗ ಯಾರರ ಒಬ್ಬರು, "ಅಂದ್ರ ಫುಟ್‌ಬಾಲ್ ಅನ್ನು," ಅಂತಿದ್ರು. ಹಾಳಾಗಿ ಹೋಗ್ಲಿ, ಫುಟ್‌ಬಾಲ್ ಅಂತನ ತಿಳ್ಕೋರಿ ಅಂತ ಅವನೂ ಕೈ ಚೆಲ್ಲಿದ್ದ.

ಮದಲ ಅವ ಕಬಡ್ಡಿ ಆಟಗಾರ. ಅಂದಾನೆಪ್ಪ ಕಾಕಾನ ಕೈಯಾಗ ಪಳಗಿದವ. ಕಾಕಾನ ಪಾಠ ಒಂದ: ಹಿಡದ ಕಾಲು ಜೀವ ಹೋದ್ರೂ ಬಿಡಬಾರದು. ರಗ್ಬಿಯಾಗ ಇದಕ್ಕ ತದ್ವಿರುದ್ಧ. ಆಳು ನೆಲಕ್ಕ ಬಿದ್ದ ಕೂಡ್ಲೆ ಕೈ ಬಿಡಬೇಕು, ಎದ್ದು ನಿಂತು ಚೆಂಡಿಗೆ ಕೈ ಹಾಕಬೇಕು. ಬಿಡಲಿಲ್ಲೋ, ಸೀಟಿ ಊದಿ ತಪ್ಪು ಹಚ್ಚತಾರ. ಮದಲನೇ ವರ್ಷ ಪ್ರವೀಣಕುಮಾರ ಆರು ಮ್ಯಾಚಿನ್ಯಾಗ ಹದಿನಾಲ್ಕು ಸಲ ಸೀಟಿ ಊದಿಸಿಕೊಂಡ. "ರಿಲೀಸ್! ರಿಲೀಸ್!" ಅಂತ ಒದರಿ ಒದರಿ ಗಂಟಲು ಹರಕೊಂಡ ಕೋಚ್, ಕಡೀಕ ಕೈ ಮುಗದು ಬೇಡಿಕೊಂಡಿದ್ದ. ಆ ಹಳೇ ಚಟಾ ಬಿಡಿಸಾಕ ಎರಡು ವರ್ಷ ಬೇಕಾತು.

ಈಗ ಅವಗ ಮೂವತ್ತೆರಡು. ಆರು ತಿಂಗಳ ಹಿಂದ ಆಡುವಾಗ ಬಲಗಡೆ ಭುಜ ಕಿತ್ತು ಆಪರೇಶನ್ ಆಗಿತ್ತು. ಇನ್ನೂ ಎರಡು ವರ್ಷ ಆಡಿಸ್ತೇವಿ, ಆಮ್ಯಾಲ ಹೊಸಬರಿಗೆ ಕಲಿಸೋ ಕೆಲಸಾನೂ ಕೊಡತೇವಿ ಅಂತ ಕ್ಲಬ್ಬಿನವರು ಅಂದಿದ್ರು. ಆದ್ರ ಭುಜ ಮದಲ ತೋರಿಸಬೇಕು. ಓಡಿಬರೋ ಆಳನ್ನ ಬಲಭುಜ ಕೊಟ್ಟು ಕೆಡವಿ, ಬಿಟ್ಟು, ಎದ್ದು, ಚೆಂಡು ಎತ್ತೋ ವಿಡಿಯೋ ಶುಕ್ರವಾರ, ಅಂದ್ರ ಇವತ್ತ, ಸಂಜಿ ಐದರೊಳಗ ಮುಟ್ಟಬೇಕು. ಇಲ್ಲಂದ್ರ ಬ್ಯಾರೆಯವ ತಯಾರ ಇದ್ದ. ಡಾಕ್ಟರೂ ಒಂದು ಮಾತು ಹೇಳಿದ್ರು: "ಭುಜ ಕೊಟ್ಟು ಹೊಡಿ, ತಡೀತೇತಿ. ಹಿಡಕೊಂಡು ಜಗ್ಗಾಡಬ್ಯಾಡ. ಮತ್ತೊಮ್ಮೆ ಕಿತ್ತು ಬಂತಂದ್ರ ಆಟದ ಹೆಸರು ಎತ್ತಬ್ಯಾಡ."

ಹೆಂಡ್ತಿ ಭುವನಾ ರಾಣೆಬೆನ್ನೂರಾಗ ಬೀಜದ ಕಂಪನಿ ಕೆಲಸಕ್ಕ ಹೋಗತಿದ್ಲು. ಮದಿವಿ ಆಗಿ ನಾಕು ವರ್ಷ, ಇಬ್ಬರೂ ಕೂಡಿ ಇದ್ದದ್ದು ಒಂದು ವರ್ಷಾನೂ ಇಲ್ಲ. "ಈ ಸಲ ನಾನೂ ಬರತೇನ್ರಿ," ಅಂದಿದ್ಲು. "ಅಲ್ಲಿ ಜ್ವಾಳ ಸಿಗಲಿಲ್ಲಂದ್ರ ಚೀಲಾ ಹೊತಗೊಂಡು ಬರತೇನಿ. ಇನ್ನ ಫೋನಿನ್ಯಾಗ ಸಂಸಾರ ಮಾಡೋದು ಸಾಕಾತು ನನಗ." ಇವತ್ತು ರಜಾ ಹಾಕಿ, ಫೋನು ಚಾರ್ಜಿಗೆ ಹಚ್ಚಿ, ಅದರ ಬಾಜೂಕನ ಕುಂತಿದ್ಲು.

ಓಡಿಬರಾಕ ಒಂದು ಗಟ್ಟಿ ಆಳು ಬೇಕಿತ್ತು. ಹಳೇ ಕಬಡ್ಡಿ ಜೋಡಿ ರಫೀಕ್ ಈಗ ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ಹಮಾಲಿ ಮಾಡತಿದ್ದ. ಚೀಲಾ ಹೊತ್ತು ಹೊತ್ತು ತೊಡಿ ಅನ್ನೋವು ಕಲ್ಲಾಗಿದ್ವು. "ನಮಾಜ್ ಮುಗಿಸಿದಾವನ ಬರತೇನಿ ದೋಸ್ತ," ಅಂದಾವ ಮೂರಾದ್ರೂ ಪತ್ತೆ ಇಲ್ಲ. ಪ್ರವೀಣಕುಮಾರ ನಾಕು ಸಲ ಫೋನ್ ಹಚ್ಚಿದ. ರಸ್ತಾಕ್ಕ ಹೋಗಿ ನಿಂತ. ಬರೋ ಒಂದೊಂದು ಗಾಡೀನೂ ಕಣ್ಣು ಕಿಸದು ನೋಡಿದ. ಮೂರೂವರಿಗೆ ರಫೀಕ್ ಬೈಕಿನಿಂದ ಇಳದು, "ಊಟ ಮಾಡೋದ ಬ್ಯಾಡೇನಲೇ?" ಅಂತ ಹಲ್ಲು ಕಿಸದ. ಪ್ರವೀಣಕುಮಾರಗ ಅವನ್ನ ಅಲ್ಲೇ ಕೆಡವಬೇಕು ಅನ್ನೋವಷ್ಟು ಸಿಟ್ಟು ಬಂತು.

ಶಾಲಿ ಬಯಲಿಗೆ ಹೋಗೋದರಾಗ ಅರ್ಧಾ ಊರು ಅಲ್ಲಿತ್ತು. ಯಾರು ಹೇಳಿದ್ರೋ ಏನೋ! ಅಂದಾನೆಪ್ಪ ಕಾಕಾ ಟವೆಲ್ಲು ಹಾಸಿ ಕಲ್ಲಿನ ಮ್ಯಾಲ ಕುಂತಿದ್ದ. ಕಬಡ್ಡಿ ಅಂಕಣದ ಸುಣ್ಣದ ಗೆರಿ ಹಂಗ ಇತ್ತು.

"ಈ ಗೆರಿ ಮುಟ್ಟಾಕ ಓಡಿ ಬಾ. ನಾ ಕೆಡವತೇನಿ. ಬಿದ್ದ ಮ್ಯಾಲ ಚೆಂಡು ಬಿಡು," ಅಂತ ಪ್ರವೀಣಕುಮಾರ ಹೇಳಿಕೊಟ್ಟ. ಭುವನಾ ಫೋನು ಹಿಡದ್ಲು. ರಫೀಕ್ ಚೆಂಡು ಅವಚಿಕೊಂಡು ಗೂಳಿ ಹಂಗ ಬಂದ. ಪ್ರವೀಣಕುಮಾರ ಬಗ್ಗಿ, ಬಲಭುಜ ಅವನ ತೊಡಿಗೆ ಕೊಟ್ಟ. ಧಪ್ಪಂತ ಬಿದ್ದ ರಫೀಕನ್ನ ಬಿಟ್ಟು, ಎದ್ದು, ಉರುಳಿದ ಚೆಂಡು ಎತ್ತಿದ. ಭುಜ ಹೂಂ ಅನ್ನಲಿಲ್ಲ, ಹಾಂ ಅನ್ನಲಿಲ್ಲ. ಅವಗ ಕಣ್ಣಾಗ ನೀರು ಬರೂವಷ್ಟು ಖುಷಿ ಆತು.

"ಬಂತ್ರಿ! ಭಾಳ ಚಂದ ಬಂತು!" ಅನಕೋತ ಭುವನಾ, ನೆಟ್‌ವರ್ಕ್ ಸಿಗೋದು ಶಾಲಿ ಹಿಂದಿನ ಗ್ವಾಡಿ ಹತ್ರ ಅಂತ ಆ ಕಡೆ ಓಡಿದ್ಲು. ಆಗ ನಾಕೂ ಹತ್ತು. ಅಲ್ಲಿಗೆ ಕೆಲಸ ಮುಗೀತು. ಚೆಂಡು ಬಗಲಾಗ ಇಟಗೊಂಡು ಮನಿಗೆ ಹೋಗಿ ಚಾ ಕುಡದಿದ್ರ ಆಗತಿತ್ತು.

ಆದ್ರ ಅವ ಬಿಟ್ಟ ಕೂಡ್ಲೆ ರಫೀಕ್ ಜಿಗದು ಎದ್ದು, ಗೆರಿ ಮುಟ್ಟಿ, ತೊಡಿ ತಟ್ಟಿ ನಿಂತಿದ್ದ. ಕಬಡ್ಡಿ ಮೈ ಅದು, ಬಿಟ್ರ ಸುಮ್ಮನ ಮಲಗೀತೇನು? ಮಂದಿ ಕೇಕಿ ಹಾಕಿತು. "ಬಿಟ್ಟ! ಬಿಟ್ಟಬಿಟ್ಟ!"

"ಅಯ್ಯ ನಿನ್ನ!" ಅಂದ ಅಂದಾನೆಪ್ಪ. "ಕೈಯಾಗ ಸಿಕ್ಕ ಆಳನ್ನ ಬಿಟ್ಟು ಕಳಸೋದು ಕಲತು ಬಂದಿಯೇನಲೇ ಪ್ರವ್ಯಾ? ಇದಕ್ಕ ಪಗಾರ ಬ್ಯಾರೆ ಕೊಡತಾರ!"

"ಕಾಕಾ, ಈ ಆಟದಾಗ ಬಿಡಬೇಕ್ರಿ. ಅದ ರೂಲ್ ಐತ್ರಿ."

"ಹೌದಪಾ, ಹಿಡಿಯಾಕ ಆಗದಾವಗ ಎಲ್ಲಾ ರೂಲ."

ಮಂದಿ ಬಿದ್ದು ಬಿದ್ದು ನಕ್ಕಿತು. ಹೆಣ್ಣುಮಕ್ಕಳೂ ಸೆರಗು ಬಾಯಿಗೆ ಹಿಡಕೊಂಡ್ರು. ರಫೀಕ್ ಬ್ಯಾರೆ, "ನನ್ನ ಹಿಡಿಯೋ ಗಂಡ್ಸು ಈ ಊರಾಗ ಒಬ್ಬ ಇದ್ದ, ಅವನೂ ಹ್ವಾದ," ಅಂತ ಚಾಷ್ಟಿ ಮಾಡಿದ. ಪ್ರವೀಣಕುಮಾರಗ ಮೈಯೆಲ್ಲಾ ಮೆಣಸಿನಕಾಯಿ ತಿಕ್ಕಿದಂಗ ಆತು. ಮುಂಜಾನಿಂದ ಒಳಗ ಕುದ್ದದ್ದೆಲ್ಲಾ ಒಮ್ಮೆಲೆ ಉಕ್ಕಿತು. ಮನಿಗೆ ಹೋಗು ಅಂತ ತಲಿ ಹೇಳತಿತ್ತು. ಕಾಲು ಹೋಗಲಿಲ್ಲ.

"ಇನ್ನೊಂದು ಸಲ ಬಾರಲೇ ರಫ್ಯಾ," ಅಂದ.

ರಫೀಕ್ ಬಂದ. ಭುಜ ತಾಗಿತು, ಆಳು ಬಿತ್ತು. ಈಗ ಬಿಡಬೇಕು. ಹತ್ತು ವರ್ಷದಾಗ ಸಾವಿರ ಸಲ ಬಿಟ್ಟಿದ್ದ. ಬಿಡಲಿಲ್ಲ. ಎರಡೂ ಕೈ ಹೆಣದು ರಫೀಕನ ತೊಡಿ ಬಿಗಿ ಹಿಡದ. ರಫೀಕ್ ಮೊಳಕೈ ಊರಿ ಗೆರಿ ಕಡೆ ಜಗ್ಗಿದ. ಗೇಣು, ಎರಡು ಗೇಣು. "ಹಿಡೀ! ಬಿಡಬ್ಯಾಡ!" ಅಂತ ಊರಿಗೆ ಊರ ಒದರಿತು. ಭುಜದೊಳಗ ಏನೋ ಟಕ್ಕಂತು. ಕಣ್ಣಿಗೆ ಕತ್ತಲಿ ಬಂತು. ಆತು, ಮುಗೀತು, ಅಂತ ಅವಗ ಅಲ್ಲೇ ಖಾತ್ರಿ ಆತು. ಅಷ್ಟಾದ್ರೂ ಎಡಗೈ ಬಿಡಲಿಲ್ಲ ನೋಡ್ರಿ! ಗೆರಿಗೆ ನಾಕು ಬಟ್ಟು ಇರುವಾಗ ರಫೀಕ್ ಉಸರು ಬಿಟ್ಟು ಅಂಗಾತ ಬಿದ್ದ.

ಅಂದಾನೆಪ್ಪ ಟವೆಲ್ಲು ಮ್ಯಾಲ ತೂರಿದ. "ಬಿಡಲಿಲ್ಲ! ನನ್ನ ಮಗಾ ಬಿಡಲಿಲ್ಲ!" ಅಂತ ಕುಣದ. ಮಂದಿ ನುಗ್ಗಿ ಪ್ರವೀಣಕುಮಾರನ್ನ ಹೆಗಲಮ್ಯಾಲ ಎತ್ತಿತು. ಎಲ್ಲಾರಕಿಂತ ಮದಲ ಬಂದು ಬಲಗಡೆ ಹೆಗಲು ಕೊಟ್ಟಾವ ರಫೀಕ. ಪ್ರವೀಣಕುಮಾರ ಹಲ್ಲು ಕಚ್ಚಿದ. ಹಲ್ಲು ಕಾಣಿಸಿದ್ದಕ್ಕ ನಗಾಕತ್ತಾನ ಅಂತ ಮಂದಿ ತಿಳಕೊಂಡ್ರು.

ಶಾಲಿ ಹಿಂದಿಂದ ಭುವನಾ ಓಡಿ ಬಂದ್ಲು. ಕಾಲಾಗ ಒಂದ ಚಪ್ಪಲಿ ಇತ್ತು. "ರೀ! ಮೆಸೇಜ್ ಬಂತ್ರೀ! ಭುಜ ಭಾಳ ಚಲೋ ಐತಿ ಅಂದಾರ! ಸೋಮವಾರ ಹೊಂಡ್ರಿ ಅಂದಾರ್ರೀ!" ಮಂದಿ ಸರಿಸಿಕೋತ ಬಂದು, ಫೋನು ಮ್ಯಾಲ ಎತ್ತಿ ಹಿಡದ್ಲು. "ತಗೋರಿ, ನೀವ ಓದ್ರಿ."

ಪ್ರವೀಣಕುಮಾರ ಬಲಗೈ ಎತ್ತಾಕ ನೋಡಿದ. ಕೈ ಅವನ್ದಲ್ಲ ಅನ್ನೋವಂಗ ಜೋತುಬಿದ್ದಿತ್ತು.

"ತಗೋರಲ್ಲ," ಅಂತ ಅಕಿ ತುದಿಗಾಲಿನ ಮ್ಯಾಲ ನಿಂತು ಇನ್ನಷ್ಟು ಎತ್ತಿದ್ಲು.

"ಎಡಗೈಗೆ ಕೊಡು," ಅಂದ ಪ್ರವೀಣಕುಮಾರ.

ಯಾಕ್ರಿ ಅಂತ ಕೇಳಾಕ ಬಾಯಿ ತಗದಾಕಿ, ಅವನ ಮಾರಿ ನೋಡಿದ್ಲು, ಕೈ ನೋಡಿದ್ಲು. "ಇಳಸ್ರಿ ಅವರನ್ನ! ಕೆಳಗ ಇಳಸ್ರೀ!" ಅಂತ ಚೀರಿದ್ಲು. ಆ ಗದ್ದಲದಾಗ ಅಕಿ ಮಾತು ಯಾರಿಗೂ ಕೇಳಲಿಲ್ಲ. ಹಂಗ ಎತಗೊಂಡು ಓಣಿ ಕಡೆ ಹೊಂಟ್ರು.