ಕಂಬ ತೆಗೆದ ಸೇತುವೆ

ಸೇತುವೆ ಬಿತ್ತು. ಮೊದಲು ನಡುವಿನ ಹಲಗೆಗಳು, ಆಮೇಲೆ ಎರಡೂ ಬದಿಯ ಕಟಕಟೆ, ಕೊನೆಗೆ ಗುಡ್ಡದ ಪಕ್ಕದಲ್ಲಿ ಯಾವ ಆಸರೆಯೂ ಇಲ್ಲದೆ ಗಾಳಿಯಲ್ಲಿ ನಿಂತಿದ್ದ ಪುಟ್ಟ ಮರದ ಮನೆ, ಎಲ್ಲವೂ ನದಿಗೆ ಉರುಳಿದವು. ಭಾನುವಾರದ ಬೆಳಗ್ಗೆ ಕಂಪ್ಯೂಟರಿನ ಮುಂದೆ ಒಬ್ಬನೇ ಕೂತಿದ್ದ ಕನ್ನಡಕದವನು "ಅಯ್ಯಯ್ಯೋ" ಎಂದು ಕುರ್ಚಿಯಿಂದ ಅರ್ಧ ಎದ್ದ. ಎದ್ದು ಮಾಡುವುದೇನು? ಪರದೆಯೊಳಗೆ ಕೈ ಹಾಕಿ ಹಿಡಿಯಲು ಬರುತ್ತದೆಯೇ? ಬದಲಾವಣೆಗಳನ್ನು ಉಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಬೇಡವೇ ಬೇಡ ಎಂದು ಒತ್ತಿ, ಹೊಸ ಎಡಿಟರನ್ನು ಮುಚ್ಚಿ, ಹಳೆಯದನ್ನು ತೆರೆದ. ಅಲ್ಲಿ ಸೇತುವೆ ಇದ್ದ ಹಾಗೆಯೇ ಇತ್ತು. ಅವನಿಗೆ ಹೋದ ಜೀವ ಬಂದಂತಾಯಿತು.

ಅದೊಂದು ಆಟ. ಆಡುವವರು ತಮಗೆ ಬೇಕಾದ ಊರು ತಾವೇ ಕಟ್ಟಿಕೊಳ್ಳಲಿ ಎಂದು ಆಟದ ಜೊತೆಗೆ ನಕ್ಷೆ ಮಾಡುವ ಒಂದು ಎಡಿಟರನ್ನೂ ಕೊಟ್ಟಿದ್ದರು. ಅವನೂ ಅವನ ಮಗಳೂ ಅದರಲ್ಲಿ ಒಂದು ಊರು ಕಟ್ಟಿದ್ದರು. ಆಗ ಗಂಡ ಹೆಂಡತಿ ಬೇರೆಯಾಗಿ, ಎಂಟು ವರ್ಷದ ಮಗಳು ತಾಯಿಯ ಜೊತೆ ಬೇರೆ ಊರಿಗೆ ಹೋದ ಹೊಸತು. ವಾರಕ್ಕೊಮ್ಮೆ ಫೋನಿನಲ್ಲಿ "ಊಟ ಆಯ್ತಾ, ಸ್ಕೂಲ್ ಹೇಗಿದೆ" ಎಂದು ಕೇಳಿ ಮುಗಿದ ಮೇಲೆ ಮುಂದೇನು ಮಾತಾಡಬೇಕೆಂದು ತಿಳಿಯದೆ ಅಪ್ಪ ಮಗಳು ಒಬ್ಬರ ಉಸಿರು ಒಬ್ಬರು ಕೇಳಿಸಿಕೊಳ್ಳುತ್ತ ಕೂರುತ್ತಿದ್ದರು. ನಕ್ಷೆ ಸಿಕ್ಕ ಮೇಲೆ ಆ ಕಷ್ಟ ತಪ್ಪಿತು. ಫೋನಿನ ಸ್ಪೀಕರ್ ಹಾಕಿ ಪಕ್ಕಕ್ಕಿಟ್ಟುಕೊಂಡು, ಅವಳು ಅಲ್ಲಿ, ಇವನು ಇಲ್ಲಿ, ಇಬ್ಬರೂ ಒಂದೇ ಗುಡ್ಡದ ಮೇಲೆ ಓಡಾಡುತ್ತಿದ್ದರು. ಮೆಟ್ಟಿಲು ಎಲ್ಲಿ ಬೇಕು, ಮರ ಎಲ್ಲಿ ಬೇಕು ಎಂದು ಜಗಳವಾಡುವುದರಲ್ಲೇ ಭಾನುವಾರ ಸಂಜೆ ಮುಗಿದುಹೋಗುತ್ತಿತ್ತು. ಅವನ ಪಾಲಿಗೆ ವಾರವೆಂದರೆ ಅದೊಂದೇ ಸಂಜೆ. ಉಳಿದದ್ದು ಬರೀ ಕೆಲಸ.

ಆ ಹಳೆಯ ಎಡಿಟರಿನಲ್ಲಿ ಒಂದು ತಮಾಷೆಯಿತ್ತು. ಕಂಬ ನೆಟ್ಟು, ಅದರ ಮೇಲೆ ಹಲಗೆಯಿಟ್ಟು, ಆಮೇಲೆ ಕಂಬವನ್ನು ಅಳಿಸಿದರೆ ಹಲಗೆ ಗಾಳಿಯಲ್ಲೇ ನಿಲ್ಲುತ್ತಿತ್ತು. ಅದನ್ನು ಬರೆದವರ ಕಣ್ತಪ್ಪು. ಕಂಡುಹಿಡಿದವಳು ಮಗಳು. "ಅಪ್ಪಾ, ಕಂಬಕ್ಕೆ ಟಾಟಾ ಹೇಳು" ಎನ್ನುತ್ತಿದ್ದಳು. ಅವನು ಖಾಲಿ ಮನೆಯಲ್ಲಿ ಕೂತು ಗಟ್ಟಿಯಾಗಿ "ಟಾಟಾ ಕಂಬ" ಎನ್ನಲೇಬೇಕು, ಇಲ್ಲದಿದ್ದರೆ ಅವಳು ಅಳಿಸಲು ಬಿಡುತ್ತಿರಲಿಲ್ಲ. ಹಾಗೆ ನೂರಾರು ಕಂಬಗಳಿಗೆ ಟಾಟಾ ಹೇಳಿ ಕಟ್ಟಿದ ಸೇತುವೆ ಅದು. ಅದರ ಆಚೆ ತುದಿಯಲ್ಲಿ ಅವಳ ಮನೆ. ಬಾಗಿಲಿಡುವುದನ್ನು ಮರೆತು ಕಟ್ಟಿದ್ದರಿಂದ ಚಾವಣಿಗೆ ಒಂದು ತೂತು ಮಾಡಿ, ಅದರೊಳಗೆ ಹಾರಿ ಇಳಿಯಬೇಕಿತ್ತು. ಹಾರುವುದಕ್ಕೆ ಕೀಬೋರ್ಡಿನ ಕೆಳಗಿನ ಉದ್ದದ ಕೀ. ಅವನ ಹೆಬ್ಬೆರಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಬಿಲ್ಲು ಮಾಡುವಾಗಲೂ ಅನಗತ್ಯವಾಗಿ ಒತ್ತಿಬಿಡುತ್ತಿದ್ದ.

ಈಗ ಮಗಳಿಗೆ ಹದಿನೈದು. ಹೊಸ ಲ್ಯಾಪ್‌ಟಾಪ್ ಬಂದಿದೆ. "ಹಳೇದು ಇದ್ರಲ್ಲಿ ಓಡಲ್ಲಪ್ಪ" ಎಂದಿದ್ದಳು. "ಎಲ್ರೂ ಹೊಸ ವರ್ಷನ್‌ನಲ್ಲೇ ಇರೋದು. ನೀನು ನಮ್ಮ ಊರನ್ನ ಹೊಸದರಲ್ಲಿ ಹಾಕು, ಬರ್ತೀನಿ. ನನ್ನ ಫ್ರೆಂಡ್‌ಗೂ ತೋರಿಸ್ಬೇಕು."

ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಹೊಸದನ್ನು ಮಾಡಿದವರು ಮಹಾ ಬುದ್ಧಿವಂತರು, ಹಳೆಯ ತಪ್ಪನ್ನೆಲ್ಲ ತಿದ್ದಿದ್ದರು. ಕಲ್ಲಿಗೆ ಭಾರ ಕೊಟ್ಟಿದ್ದರು, ಹಲಗೆಗೆ ಭಾರ ಕೊಟ್ಟಿದ್ದರು. ಅಡಿಯಲ್ಲಿ ಕಂಬವಿಲ್ಲದ್ದು ಬೀಳುತ್ತದೆ ಎಂದು ಜಗತ್ತಿಗೆಲ್ಲ ಗೊತ್ತಿರುವ ವಿಷಯವನ್ನು ಆಟಕ್ಕೂ ಕಲಿಸಿ ಕೂತಿದ್ದರು.

"ಸ್ವಲ್ಪ ರಿಪೇರಿ ಇದೆ ಬುಡ್ಡಿ, ಮುಂದಿನ ವಾರ ಹಾಕ್ತೀನಿ" ಎಂದ ಆ ಸಂಜೆ. ಸಣ್ಣವಳಿದ್ದಾಗ ದಪ್ಪ ಕನ್ನಡಕ ನೋಡಿ ಶಾಲೆಯ ಮಕ್ಕಳು ಸೋಡಾಬುಡ್ಡಿ ಎಂದು ಕಾಡಿಸುತ್ತಿದ್ದರು. ಅಳುತ್ತ ಬಂದವಳನ್ನು ಅವನು ಬುಡ್ಡಿ ಬುಡ್ಡಿ ಎಂದು ಎತ್ತಿ ಮುದ್ದಾಡಿ, ಬೈಗುಳವನ್ನೇ ಮುದ್ದಿನ ಹೆಸರು ಮಾಡಿಬಿಟ್ಟಿದ್ದ. ಆ ಕನ್ನಡಕವನ್ನೂ ಅವನೇ ಮಾಡಿದ್ದು. ಅಂದಿನಿಂದ ಅವಳ ಮೂಗಿನ ಮೇಲೆ ಕೂತ ಪ್ರತಿಯೊಂದು ಕನ್ನಡಕದ ಗಾಜನ್ನೂ ಅವನೇ ಉಜ್ಜಿ, ಅವನೇ ಕೂರಿಸಿ, ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದ.

ದಿನವೂ ಕೆಲಸ ಮುಗಿಸಿ ಬಂದ ಮೇಲೆ ಹಳೆಯ ಎಡಿಟರ್ ತೆರೆದು, ಟಾಟಾ ಹೇಳಿ ಕಳಿಸಿದ ಕಂಬಗಳನ್ನೆಲ್ಲ ವಾಪಸ್ಸು ಕರೆದು ನಿಲ್ಲಿಸತೊಡಗಿದ. ಪ್ರತಿ ಹಲಗೆಯ ಕೆಳಗೂ ಒಂದು ಕಂಬ. ಕಣ್ಣಿಗೆ ಕಾಣಬಾರದೆಂದು ಅದಕ್ಕೆ ಹಿಂದಿನ ಗುಡ್ಡದ ಬಣ್ಣ. ಏನೂ ಬೀಳಬಾರದು, ಏನೂ ಬದಲಾದಂತೆ ಅವಳಿಗೆ ಅನ್ನಿಸಲೂಬಾರದು. ಇಂಥ ಹಟದ ಕೆಲಸ ಬೇಗ ಮುಗಿಯುತ್ತದೆಯೇ? ಮುಂದಿನ ವಾರ ಹೋಗಿ ಅದರ ಮುಂದಿನ ವಾರವಾಯಿತು. ಮಗಳು ಮೊದಮೊದಲು "ಇನ್ನೂ ಆಗ್ಲಿಲ್ವಾ?" ಎಂದು ರೇಗುತ್ತಿದ್ದಳು. ಆಮೇಲೆ ಕೇಳುವುದನ್ನು ಬಿಟ್ಟಳು. ನಕ್ಷೆಯಿಲ್ಲದ ಫೋನು ಮತ್ತೆ ಊಟ, ಸ್ಕೂಲು, ಉಸಿರು ಎಂಬಲ್ಲಿಗೇ ಬಂದು ನಿಂತಿತು.

ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಮೇಡಂ ಚಹಾ ಕುಡಿಯುತ್ತ ಇದನ್ನೆಲ್ಲ ಕೇಳಿಸಿಕೊಂಡರು. ಅವರಿಗೆ ಆಟವೂ ಗೊತ್ತಿಲ್ಲ, ಎಡಿಟರೂ ಗೊತ್ತಿಲ್ಲ. ಗೊತ್ತಿಲ್ಲವೆಂದು ಬುದ್ಧಿ ಹೇಳದೆ ಬಿಡುವ ಹೆಂಗಸೂ ಅಲ್ಲ.

"ಹಳೇದನ್ನ ಒಂದು ಕಾಪಿ ಮಾಡಿಟ್ಕೊಳ್ಳಿ, ಹೊಸದರಲ್ಲಿ ಇನ್ನೊಂದು ಹಾಕಿ. ಇಷ್ಟಕ್ಕೆ ಯಾಕ್ರೀ ತಲೆ ಕೆಡಿಸ್ಕೊಳ್ತೀರಿ?"

"ಕಾಪಿ ಇದೆ ಮೇಡಂ. ಅದಲ್ಲ. ಅವಳು ಬರೋದು ಹೊಸದಕ್ಕೆ. ಬಂದಾಗ ಎಲ್ಲ ಬಿದ್ದಿರೋದನ್ನ ನೋಡ್ಬಾರದು."

"ನೋಡಿದ್ರೆ ಏನಾಗುತ್ತೆ?"

ಅವನು ಒರೆಸಿದ ಗಾಜನ್ನೇ ಇನ್ನೊಮ್ಮೆ ಒರೆಸಿದ.

"ನೀವು ರಿಪೇರಿ ಮುಗಿಸೋಷ್ಟರಲ್ಲಿ ಹುಡುಗಿಗೆ ಮದುವೆ ಆಗಿರುತ್ತೆ, ನೋಡ್ತಿರಿ" ಎಂದು ಮೇಡಂ ನಕ್ಕು ಲೋಟ ತೊಳೆಯಲು ಹೋದರು. ಅವನೂ ನಕ್ಕ. ಮನಸ್ಸಿನೊಳಗೆ ಮಾತ್ರ ಚುರುಕ್ ಎಂದಿತು.

ಅದೇ ವಾರ ಮಗಳು ಫೋನಿನಲ್ಲಿ ಏನೋ ಹೇಳುತ್ತ ಹೇಳುತ್ತ, "ಬಸ್ಸಿನ ಬೋರ್ಡು ಈಗ ದೂರದಿಂದ್ಲೇ ಕಾಣುತ್ತಪ್ಪ, ಹೊಸ ಕನ್ನಡಕದಲ್ಲಿ" ಎಂದುಬಿಟ್ಟಳು.

"ಹೊಸದಾ? ಯಾವಾಗ ಮಾಡಿಸಿದ್ರಿ?"

"ಹೋದ ತಿಂಗಳು. ನಂಬರ್ ಬದಲಾಗಿತ್ತು. ಇಲ್ಲೇ ಪಕ್ಕದಲ್ಲೇ ಒಂದು ಅಂಗಡಿ ಇದೆ."

"ಎಷ್ಟಾಗಿದೆ ನಂಬರು?"

"ಅಯ್ಯೋ, ನಂಗೆಲ್ಲಿ ಗೊತ್ತಿರುತ್ತೆ? ಅಮ್ಮಂಗೆ ಗೊತ್ತು." ಆಮೇಲೆ ಏನೋ ಹೊಳೆದವಳಂತೆ ದನಿ ತಗ್ಗಿಸಿ, "ನಿಂಗೆ ಹೇಳೋಣ ಅಂತಿದ್ದೆ ಅಪ್ಪ. ಪರೀಕ್ಷೆ ಇತ್ತಲ್ಲ, ಅರ್ಜೆಂಟಾಗಿ ಬೇಕಿತ್ತು" ಎಂದಳು.

"ಒಳ್ಳೇದೇ ಆಯ್ತು ಬಿಡು" ಎಂದ. ಫೋನಿಟ್ಟ. ಬೀದಿಯಲ್ಲಿ ಹೋಗುವ ಯಾರ ಕನ್ನಡಕ ನೋಡಿದರೂ ನಂಬರು ಅಂದಾಜಿಸಬಲ್ಲವನಿಗೆ ತನ್ನ ಮಗಳ ಕಣ್ಣಿನ ನಂಬರು ಗೊತ್ತಿಲ್ಲ. ಯಾರೋ ಗುರುತಿಲ್ಲದವನು ಅವಳನ್ನು ಕನ್ನಡಿಯ ಮುಂದೆ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ, "ಒತ್ತುತ್ತಾ? ಸಡಿಲ ಆಯ್ತಾ?" ಎಂದು ಕೇಳಿದ್ದಾನೆ. ಅವಳು ಸರಿಯಾಗಿದೆ ಎಂದಿದ್ದಾಳೆ. ಅವನಿಗೆ ಹೊಟ್ಟೆಕಿಚ್ಚಾಯಿತು, ನಾಚಿಕೆಯಾಯಿತು, ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಫೋನು ತೆಗೆದು ಮಗಳಿಗೆ ಸಂದೇಶ ಕಳಿಸಿದ: ಈ ಭಾನುವಾರ ಬಾ. ಹೊಸದರಲ್ಲೇ ಹಾಕ್ತೀನಿ.

ಅರ್ಧ ಸೇತುವೆಗೆ ಮಾತ್ರ ಕಂಬ ಬಂದಿತ್ತು. ಭಾನುವಾರ ಮಧ್ಯಾಹ್ನ ಹೊಸ ಎಡಿಟರಿನಲ್ಲಿ ನಕ್ಷೆ ತೆರೆದ. ಇದ್ದ ಕಂಬಗಳು ಗಟ್ಟಿಯಾಗಿ ನಿಂತವು. ಉಳಿದರ್ಧ ಹೋದ ಸಲದ ಹಾಗೆಯೇ ಕುಸಿಯಿತು, ಅದರ ಹಿಂದೆಯೇ ಅವಳ ಮನೆ ವಾಲಿ ನೀರಿಗೆ ಬಿತ್ತು. ಈ ಸಲ ಅವನು ಕುರ್ಚಿ ಬಿಟ್ಟೇಳಲಿಲ್ಲ. ಬದಲಾವಣೆಗಳನ್ನು ಉಳಿಸಬೇಕೇ ಎಂದು ಕೇಳಿದಾಗ ಹೌದು ಎಂದು ಒತ್ತಿದ. ಊರನ್ನು ಆಟದೊಳಗೆ ಬಿಟ್ಟು, ತಾನೂ ಒಂದು ಆಕೃತಿಯಾಗಿ ಒಳಗೆ ಹೋಗಿ, ಸೇತುವೆಯ ಮುರಿದ ತುದಿಯಲ್ಲಿ ನಿಂತುಕೊಂಡ. ಹೇಳಿದ ಹೊತ್ತಾಯಿತು. ಅವಳು ಬರಲಿಲ್ಲ. ಹಿಂದೆ ಗುಡ್ಡವೆಲ್ಲ ಖಾಲಿ, ಇಬ್ಬರೂ ಜಗಳವಾಡಿ ಇಟ್ಟ ಮೆಟ್ಟಿಲುಗಳೆಲ್ಲ ಖಾಲಿ. ಮರೆತಿದ್ದಾಳೆ, ಮರೆಯದೆ ಇನ್ನೇನು, ಇಷ್ಟು ವಾರ ಕಾಯಿಸಿದವನು ನಾನೇ ಅಲ್ಲವೇ ಎಂದುಕೊಂಡ.

ಫೋನು ಬಡಿದುಕೊಂಡಿತು. "ಅಪ್ಪಾ, ಬಂದ್ವಿ! ಎಲ್ಲಿದ್ದೀಯಾ?"

ಕೆಳಗೆ ದಡದಲ್ಲಿ ಎರಡು ಆಕೃತಿಗಳು ಕಾಣಿಸಿಕೊಂಡವು, ಮಗಳದು ಕೆಂಪು, ಅವಳ ಗೆಳತಿಯದು ಹಸಿರು.

"ಮೇಲೆ ನೋಡು. ಸೇತುವೆ ಮೇಲೆ." ಸ್ಪೀಕರ್ ಹಾಕಿ ಫೋನನ್ನು ಪಕ್ಕಕ್ಕಿಟ್ಟ. "ಬುಡ್ಡಿ, ನಿನ್ನ ಮನೆ ಬಿದ್ದುಹೋಯ್ತಮ್ಮಾ. ಎಷ್ಟು ಮಾಡಿದ್ರೂ ಆಗ್ಲಿಲ್ಲ."

ಅತ್ತ ಮಗಳು ಕಿಟಾರನೆ ಕಿರುಚಿದಳು. "ಅಪ್ಪಾ! ತೇಲ್ತಾ ಇದೆ!" ಪಕ್ಕದಲ್ಲಿದ್ದ ಗೆಳತಿಗೆ, "ನೋಡೇ, ನಾನು ಚಿಕ್ಕೋಳಿದ್ದಾಗ ಕಟ್ಟಿದ್ದ ಮನೆ, ದೋಣಿ ಥರ ತೇಲ್ತಾ ಇದೆ!"

ಅವನು ಬಗ್ಗಿ ನೋಡಿದ. ಹಳೆಯದರಲ್ಲಿ ನದಿಯೆಂದರೆ ನೀಲಿ ಬಳಿದ ನೆಲ, ಅಷ್ಟೆ. ಹೊಸದರಲ್ಲಿ ಅದು ನಿಜವಾಗಿ ಹರಿಯುತ್ತದೆಂದು ಅವನು ಗಮನಿಸಿಯೇ ಇರಲಿಲ್ಲ. ಬಿದ್ದ ಕೂಡಲೇ ಮುಖ ತಿರುಗಿಸಿದ್ದ. ಮನೆ ಮುಳುಗಿರಲಿಲ್ಲ. ಸೇತುವೆಯ ಕಂಬಕ್ಕೆ ತಗಲಿಕೊಂಡು, ಚಾವಣಿಯ ತೂತು ಮೇಲಾಗಿ, ಅವನ ಕಾಲ ಕೆಳಗೇ ಅಲ್ಲಾಡುತ್ತ ನಿಂತಿತ್ತು. ಹುಡುಗಿಯರಿಬ್ಬರೂ ಓಡಿಬಂದು ಧಡಾರನೆ ಅದರ ಮೇಲೆ ಹಾರಿದರು. ಆ ಹೊಡೆತಕ್ಕೆ ಮನೆ ಕಂಬದಿಂದ ಬಿಡಿಸಿಕೊಂಡು ನಿಧಾನವಾಗಿ ಹೊರಟಿತು.

"ಹಾರಪ್ಪಾ! ಬೇಗ ಹಾರು!"

ಅವನ ಹೆಬ್ಬೆರಳು ತಾನಾಗಿ ಕೆಳಗಿನ ಉದ್ದದ ಕೀ ಒತ್ತಿತು. ಸೇತುವೆಯ ತುದಿಯಲ್ಲಿ ನಿಂತಿದ್ದ ಅವನ ಆಕೃತಿ ಹಾರಲಿಲ್ಲ. ಬಲಗೈಯೆತ್ತಿ ಅತ್ತಿತ್ತ ಬೀಸಿತು.

"ಅಯ್ಯೋ, ಟಾಟಾ ಮಾಡ್ಬೇಡ, ಹಾರು! ಹೊಸದರಲ್ಲಿ ಆ ಕೀ ಅಲ್ಲಪ್ಪ!"

"ಮತ್ತೆ ಯಾವುದಮ್ಮಾ?"

ಇಬ್ಬರು ಹುಡುಗಿಯರ ನಗುವಿನಲ್ಲಿ ಅವನ ಮಾತು ಆ ಕಡೆಗೆ ಕೇಳಿಸಲಿಲ್ಲ. ಅವನು ಕನ್ನಡಕ ಮೇಲೇರಿಸಿಕೊಂಡು ಕೀಬೋರ್ಡಿನ ಮೇಲೆ ಬಗ್ಗಿದ. ಒಂದೊಂದೇ ಕೀ ಒತ್ತಿ ನೋಡಿದ. ಆಕೃತಿ ಕೂತಿತು, ಎದ್ದಿತು, ಹಿಂದೆ ತಿರುಗಿತು. ಅವಸರಕ್ಕೆ ಬೆರಳು ಮತ್ತೆ ಅದೇ ಉದ್ದದ ಕೀಗೆ ಹೋಯಿತು, ಮತ್ತೆ ಕೈ ಮೇಲೆದ್ದಿತು. ಮನೆ ತಿರುವಿನ ಹತ್ತಿರ ಹೋಗಿತ್ತು. ಚಾವಣಿಯ ಮೇಲಿನ ಕೆಂಪು ಚುಕ್ಕೆ ಇತ್ತ ತಿರುಗಿ ನಿಂತು, ತಾನೂ ಕೈ ಬೀಸಿತು.