ಅತ್ತೆ ಒಪ್ಪಿದ ಹೆಸರು

ಮಗಳಿಗೆ ಇಂಚರ ಎಂದು ಹೆಸರಿಡೋಣ ಎಂದಳು ಸೊಸೆ. ಅತ್ತೆ ಮಗುವಿನ ಬಟ್ಟೆ ಮಡಚುತ್ತಲೇ "ಆಗಲಿ, ಚೆನ್ನಾಗಿದೆ" ಎಂದುಬಿಟ್ಟರು. ಸೊಸೆಯ ನಿದ್ದೆ ಅವತ್ತೇ ಹಾರಿಹೋಯಿತು.

ಹಾರದೆ ಏನು? ಪರದೆಯ ಬಣ್ಣದಿಂದ ಹಿಡಿದು ಪೊರಕೆ ಇಡುವ ಮೂಲೆಯವರೆಗೆ, ಅವಳು ಅಂದದ್ದಕ್ಕೆಲ್ಲ ಅಡ್ಡಗಾಲು ಹಾಕಿದ ಹೆಂಗಸು. ಈಗ ಇಷ್ಟು ಸಲೀಸಾಗಿ ಹೂಂ ಅಂದರೆ ಏನೋ ಮಸಲತ್ತು ಇರಲೇಬೇಕು. ಮೇಲಾಗಿ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಸೊಸೆಯದು ಚೆಕಿಂಗ್ ಕೆಲಸ, ಎಂಥ ಅಂದದ ಅಂಗಿಯನ್ನೂ ಒಳಮಗ್ಗುಲು ತಿರುಗಿಸಿ ನೋಡದೆ ಬಿಡುವವಳಲ್ಲ. ಹೆರಿಗೆ ರಜೆ ಮುಗಿದರೆ ಮಗುವನ್ನು ಇವರ ಕೈಗೇ ಒಪ್ಪಿಸಿ ಹೋಗಬೇಕು. ಮನಸ್ಸಿನಲ್ಲಿ ಏನಿದೆಯೋ ತಿಳಿಯದೆ ನಂಬುವುದು ಹೇಗೆ?

ಅರ್ಥದಲ್ಲೇ ಎಡವಟ್ಟಿರಬಹುದೆಂದು ಮೇಲಿನ ಮನೆಯ ಕನ್ನಡ ಮೇಷ್ಟರನ್ನು ಕೇಳಿದಳು.

"ಇನಿದಾದ ಸರ, ಇಂಪಾದ ದನಿ ಅಂತಮ್ಮ. ಹಳಗನ್ನಡದ ಮಾತು. ಕುಂದು ಹುಡುಕಿದ್ರೂ ಸಿಗಲ್ಲ" ಎಂದರು ಅವರು.

ಹಾಗಾದರೆ ಬೀದಿಗೆ ಹತ್ತು ಜನ ಇಂಚರ ಇರಬೇಕು, ಅದೇ ಅತ್ತೆಯ ಲೆಕ್ಕ ಎಂದುಕೊಂಡು ಶಿಶುವಿಹಾರದ ಟೀಚರನ್ನು ವಿಚಾರಿಸಿದಳು.

"ಈಚೆಗೆ ಇಡ್ತಿದಾರೆ. ನಮ್ಮಲ್ಲಿ ಇಬ್ಬರಿದಾರೆ ಅಷ್ಟೆ. ಇಬ್ರೂ ಅಳೋಕೆ ಶುರು ಮಾಡಿದ್ರೆ ಛಾವಣಿ ಹಾರಿಹೋಗುತ್ತೆ!"

ಉಳಿದವನು ಗಂಡ. ರಾತ್ರಿ ಮಲಗುವಾಗ ಅವನನ್ನೂ ಕೇಳಿದಳು. "ಈ ಹೆಸರಿನವಳು ಯಾರಾದ್ರೂ ನಿಮಗೆ ಗೊತ್ತಿದ್ಳಾ?"

"ನನ್ನ ಮುಖಕ್ಕೆ ಅದೊಂದು ಕೇಡು" ಎಂದು ಅವನು ಮಗ್ಗುಲಾದ.

ಮರುದಿನ ಅವಳು ಬಟ್ಟೆ ಒಣಹಾಕಿ ಬಂದಾಗ ಅತ್ತೆ ಕಿಟಕಿಯ ಬಳಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. ಸೊಸೆಗೆ ತಡೆಯಲಾಗಲಿಲ್ಲ.

"ಅತ್ತೆ, ನಿಜ ಹೇಳಿ. ಆ ಹೆಸರು ನಿಮಗೆ ಇಷ್ಟಾನಾ?"

"ಒಂಚೂರೂ ಇಲ್ಲ."

"ಮತ್ತೆ ಯಾಕೆ ಒಪ್ಪಿಕೊಂಡ್ರಿ?"

ಅತ್ತೆ ಮಗುವಿನ ಬೆನ್ನು ತಟ್ಟಿದರು. "ನಿನ್ನ ಗಂಡನಿಗೆ ನಾನು ಇಟ್ಟ ಹೆಸರು ನಮ್ಮತ್ತೆಗೆ ಹಿಡಿಸಲಿಲ್ಲ. ನಾನೂ ಜಗ್ಗಲಿಲ್ಲ. ಆ ಸಿಟ್ಟಿಗೆ ಅವರು ಅವನನ್ನ ಎತ್ಕೊಳ್ಳಲೇ ಇಲ್ಲ. ಸಿಟ್ಟು ಇಳಿದು ಕೈ ಚಾಚೋ ಹೊತ್ತಿಗೆ ಅವನಿಗೆ ನಡಿಗೆ ಬಂದಿತ್ತು. ಅವರನ್ನ ಕಂಡ್ರೆ ಓಡಿಬಂದು ನನ್ನ ಸೆರಗಲ್ಲಿ ಅಡಗ್ತಿದ್ದ. ಕೊನೇವರೆಗೂ ಅವರ ಹತ್ರ ಹೋಗಲಿಲ್ಲ. ಹೆಸರು ನಿಂದೇ ಇರ್ಲಿ ಕಣೆ. ನಂಗೆ ಮಗು ಬೇಕು."

ಸೊಸೆಗೆ ನಾಚಿಕೆಯಾಯಿತು. ಮಗುವನ್ನು ಇಸಿದುಕೊಳ್ಳಲು ಎರಡು ಹೆಜ್ಜೆ ಮುಂದೆ ಬಂದಿದ್ದವಳು ಅಲ್ಲೇ ನಿಂತಳು.

"ಎತ್ಕೊಂಡಿರಿ ಅತ್ತೆ. ನಂಗೆ ಒಳಗೆ ಕೆಲಸ ಇದೆ" ಎಂದಳು. ಒಳಗೆ ಅವಳಿಗೆ ಯಾವ ಕೆಲಸವೂ ಇರಲಿಲ್ಲ.